ಹಳೇ ಐ5 ಲ್ಯಾಪ್‌ಟಾಪ್‌ನಲ್ಲಿ ಮೈನಿಂಗ್ ಮಾಡಿದ್ರೆ ತಿಂಗಳ ಫೈಬರ್ ಬಿಲ್ಲಾದ್ರೂ ಹುಟ್ಟುತ್ತಾ?

ಹಾಸನ್_ಹೈದ

ಎಲ್ರಿಗೂ ನಮಸ್ಕಾರ. ಮನೇಲಿ ಒಂದು ಲ್ಯಾಪ್‌ಟಾಪ್ ಕೆಲಸವಿಲ್ಲದೆ ಕೂತಿದೆ. ಇಂಟೆಲ್ ಐ5-8250ಯು, 8 ಜಿಬಿ ರ್‍ಯಾಮ್ (ಒಂದೇ ಸ್ಟಿಕ್), 256 ಜಿಬಿ ಎಸ್‌ಎಸ್‌ಡಿ, ಎನ್‌ವಿಡಿಯಾ ಎಂಎಕ್ಸ್150 2 ಜಿಬಿ ಗ್ರಾಫಿಕ್ಸ್ ಚಿಪ್, ವಿಂಡೋಸ್ 10. ಇದನ್ನ ಹಗಲೂ ರಾತ್ರಿ ಓಡಿಸಿ ಕ್ರಿಪ್ಟೋ ಮೈನಿಂಗ್ ಮಾಡಿದ್ರೆ ಏನಾದ್ರೂ ಗಿಟ್ಟುತ್ತಾ? ಲಕ್ಷಗಟ್ಟಲೆ ಬೇಡ, ತಿಂಗಳಿಗೆ 500 ರೂಪಾಯಿ ಬಂದ್ರೂ ನೆಟ್ ಬಿಲ್ ಆಗುತ್ತೆ.

ನನ್ನ ಲೆಕ್ಕಾಚಾರ ಇಷ್ಟು. ಕರೆಂಟು ಗೃಹಜ್ಯೋತಿ, ಅಂದ್ರೆ ಪುಕ್ಕಟೆ. ತಿಂಗಳಿಗೆ 110 ಯೂನಿಟ್ ಆಸುಪಾಸು ಬಳಸ್ತೀವಿ, 2022-23ರಲ್ಲೂ ಸರಾಸರಿ ಅಷ್ಟೇ ಇತ್ತು, 200ರ ತನಕ ಇನ್ನೂ ಜಾಗ ಇದೆ. ಊರು ಹಾಸನ, ರಾಯಚೂರು-ಬಳ್ಳಾರಿ ಥರ ಸೆಕೆ ಇಲ್ಲ, ಹಾಗಾಗಿ ಮಷೀನ್ ಬಿಸಿ ಆಗೋ ಚಿಂತೆ ಕಡಿಮೆ. ಒಂದು ಟೆಲಿಗ್ರಾಂ ಗುಂಪಿನಲ್ಲಿ "ಒನ್ ಕ್ಲಿಕ್ ಬಿಟ್‌ಕಾಯಿನ್ ಮೈನರ್" ಅಂತ ಫೈಲ್ ಕೊಟ್ಟಿದ್ದಾರೆ, ಆಂಟಿವೈರಸ್ ಆಫ್ ಮಾಡಿ ಹಾಕ್ಬೇಕಂತೆ. ಹಾಕ್ಲಾ?

ಲೆಕ್ಕದ_ಪುಸ್ತಕ

ಮೊದಲು ಆ ಟೆಲಿಗ್ರಾಂ ಫೈಲ್ ಡಿಲೀಟ್ ಮಾಡಿ. ಇಂಥವು ಮಾಡೋ ಕೆಲಸ ಎರಡೇ. ನಿಮ್ಮ ಮಷೀನಲ್ಲಿ ದುಡಿಸಿ ಬಂದ ಕಾಸನ್ನ ಅವರ ವಾಲೆಟ್‌ಗೆ ಹಾಕ್ಕೊಳ್ಳೋದು, ಇಲ್ಲಾ ನೀವು ಕಾಪಿ ಮಾಡಿದ ವಾಲೆಟ್ ವಿಳಾಸವನ್ನ ಪೇಸ್ಟ್ ಮಾಡೋ ಹೊತ್ತಿಗೆ ಅವರ ವಿಳಾಸಕ್ಕೆ ಬದಲಾಯಿಸಿಬಿಡೋದು. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಹೊತ್ಕೊಂಡು ಹೋಗೋದು ಅದರ ಮೇಲಿನ ದಕ್ಷಿಣೆ.

ಈಗ ಬಿಟ್‌ಕಾಯಿನ್. ಮೈನಿಂಗ್ ಅಂದ್ರೆ ವಹಿವಾಟುಗಳ ಕಟ್ಟನ್ನ (ಬ್ಲಾಕ್) ದಾಖಲಿಸೋಕೆ ಕಂಪ್ಯೂಟರ್‌ಗಳು ಲೆಕ್ಕ ಹಾಕೋ ಪೈಪೋಟಿ, ಗೆದ್ದವರಿಗೆ ಬಹುಮಾನವಾಗಿ ಹೊಸ ಕಾಯಿನ್. 2024ರ ಏಪ್ರಿಲ್‌ನ ಹಾಲ್ವಿಂಗ್ (ಆ ಬಹುಮಾನ ಅರ್ಧ ಆಗೋದು) ಆದ ಮೇಲೆ ಒಂದು ಬ್ಲಾಕ್‌ಗೆ ಸಿಗೋದು 3.125 ಬಿಟ್‌ಕಾಯಿನ್. ಹತ್ತು ನಿಮಿಷಕ್ಕೊಂದು ಬ್ಲಾಕ್, ದಿನಕ್ಕೆ 144, ಅಂದ್ರೆ ಇಡೀ ಪ್ರಪಂಚದ ಮೈನರ್‌ಗಳು ಸೇರಿ ದಿನಕ್ಕೆ 450 ಬಿಟ್‌ಕಾಯಿನ್ ಹಂಚ್ಕೊಳ್ಳಬೇಕು. ಹಂಚಿಕೆ ಆಗೋದು ಯಾರ ಯಂತ್ರ ಸೆಕೆಂಡಿಗೆ ಎಷ್ಟು ಹ್ಯಾಶ್ (ಆ ಲೆಕ್ಕದ ಒಂದೊಂದು ಪ್ರಯತ್ನ) ಹಾಕುತ್ತೆ ಅನ್ನೋದರ ಮೇಲೆ. ಜಾಲದ ಒಟ್ಟು ವೇಗ ಸೆಕೆಂಡಿಗೆ 800 ಎಕ್ಸಾಹ್ಯಾಶ್ ಅಂತ ಇಟ್ಕೊಳ್ಳಿ (8ರ ಮುಂದೆ 20 ಸೊನ್ನೆ). ನಿಮ್ಮ ಐ5ಗೆ ಧಾರಾಳವಾಗಿ 5 ಕೋಟಿ ಹ್ಯಾಶ್ ಕೊಡೋಣ, ನಿಜದಲ್ಲಿ ಅದಕ್ಕಿಂತ ಕಡಿಮೆ. ಭಾಗಾಕಾರ ಮಾಡಿ 450ರಿಂದ ಗುಣಿಸಿದರೆ ಒಂದು ಸತೋಶಿ, ಅಂದ್ರೆ ಬಿಟ್‌ಕಾಯಿನ್‌ನ ಹತ್ತು ಕೋಟಿಯಲ್ಲಿ ಒಂದು ಭಾಗ, ಸಂಪಾದಿಸೋಕೆ ಸುಮಾರು 355 ದಿನ ಬೇಕು. ಬಿಟ್‌ಕಾಯಿನ್ 80 ಲಕ್ಷ ರೂಪಾಯಿ ಇದ್ದರೆ ಆ ಒಂದು ಸತೋಶಿಯ ಬೆಲೆ 8 ಪೈಸೆ. ವರ್ಷಕ್ಕೆ 8 ಪೈಸೆ. ಆಂಟ್‌ಮೈನರ್ ಎಸ್21 ಅನ್ನೋ ಒಂದೇ ಒಂದು ಯಂತ್ರ ಸೆಕೆಂಡಿಗೆ 200 ಟೆರಾಹ್ಯಾಶ್ ಹಾಕುತ್ತೆ, 3,500 ವ್ಯಾಟ್ ಕುಡಿಯುತ್ತೆ. ಅದಕ್ಕೆ ಸಮ ಆಗೋಕೆ ನಿಮ್ಮಂಥ 40 ಲಕ್ಷ ಲ್ಯಾಪ್‌ಟಾಪ್ ಬೇಕು. ಬಿಟ್‌ಕಾಯಿನ್ ಮಾತು ಇಲ್ಲಿಗೆ ಬಿಡೋಣ.

ಎಂಎಕ್ಸ್150 ಕೂಡ ಬಿಡಿ. ಎಥೀರಿಯಂ 2022ರ ಸೆಪ್ಟೆಂಬರ್ 15ಕ್ಕೆ ಮೈನಿಂಗನ್ನೇ ನಿಲ್ಲಿಸಿತು. ಉಳಿದಿರೋ ಎಥೀರಿಯಂ ಕ್ಲಾಸಿಕ್, ರಾವೆನ್‌ಕಾಯಿನ್ ಎರಡಕ್ಕೂ ಡ್ಯಾಗ್ ಅನ್ನೋ ದೊಡ್ಡ ಫೈಲ್ ಪೂರ್ತಿ ಗ್ರಾಫಿಕ್ಸ್ ಮೆಮೊರಿಯಲ್ಲಿ ಕೂರಬೇಕು. 2 ಜಿಬಿಯಲ್ಲಿ ಅದು ಕೂರಲ್ಲ, ಮೈನರ್ ಶುರು ಆಗೋ ಮೊದಲೇ ಎರರ್ ಕೊಟ್ಟು ನಿಲ್ಲುತ್ತೆ.

ಮಾತಾಡೋಕೆ ಉಳಿದಿರೋದು ಮೊನೆರೊ ಅನ್ನೋ ಕಾಯಿನ್ ಒಂದೇ. 2019ರ ನವೆಂಬರ್‌ನಿಂದ ಅದು ರ್‍ಯಾಂಡಮ್‌ಎಕ್ಸ್ ಅನ್ನೋ ಅಲ್ಗಾರಿದಮ್ ಬಳಸುತ್ತೆ. ಸಾಮಾನ್ಯ ಸಿಪಿಯುಗೆ ಅನುಕೂಲ ಆಗೋ ಹಾಗೆ ಬೇಕಂತಲೇ ಮಾಡಿದ್ದು. ಇದರಲ್ಲಿ ಒಂದೊಂದು ಥ್ರೆಡ್‌ಗೂ (ಸಿಪಿಯು ಒಟ್ಟಿಗೆ ಓಡಿಸೋ ಕೆಲಸದ ಒಂದು ಎಳೆ) 2 ಎಂಬಿ ಎಲ್3 ಕ್ಯಾಶ್ (ಸಿಪಿಯು ಒಳಗಿನ ವೇಗದ ಮೆಮೊರಿ) ಬೇಕು. ನಿಮ್ಮ 8250ಯುನಲ್ಲಿ ಇರೋದು 6 ಎಂಬಿ. ಹಾಗಾಗಿ ಎಂಟು ಥ್ರೆಡ್ ಇದ್ದರೂ ಮೂರೇ ಓಡಿಸಬೇಕು, ಎಂಟೂ ಹಾಕಿದರೆ ಕ್ಯಾಶ್‌ಗೆ ಕಿತ್ತಾಡಿ ವೇಗ ಇಳಿಯುತ್ತೆ, ಬಿಸಿ ಮಾತ್ರ ಏರುತ್ತೆ.

ಬಿಸಿಯಾದ ಮೇಲೆ ನಿಲ್ಲೋ ವೇಗ ಸೆಕೆಂಡಿಗೆ 1,000 ಹ್ಯಾಶ್ ಅಂತ ಹಿಡಿಯೋಣ. ಮೊನೆರೊದಲ್ಲಿ ಎರಡು ನಿಮಿಷಕ್ಕೊಂದು ಬ್ಲಾಕ್, ಬ್ಲಾಕ್‌ಗೆ 0.6, ದಿನಕ್ಕೆ ಒಟ್ಟು 432 ಮೊನೆರೊ. ಜಾಲದ ವೇಗ 500 ಕೋಟಿ ಹ್ಯಾಶ್ ಇದ್ದರೆ ನಿಮ್ಮ ಪಾಲು ದಿನಕ್ಕೆ 0.0000864. ಮೊನೆರೊ 25,000 ರೂಪಾಯಿ ಅಂದ್ಕೊಂಡ್ರೆ ದಿನಕ್ಕೆ 2 ರೂಪಾಯಿ 16 ಪೈಸೆ, ತಿಂಗಳಿಗೆ 65 ರೂಪಾಯಿ. ಬೆಲೆ, ಜಾಲದ ವೇಗ ಎರಡೂ ದಿನಾ ಬದಲಾಗುತ್ತೆ. ಸೂತ್ರ ಅದೇ: ನಿಮ್ಮ ವೇಗವನ್ನ ಜಾಲದ ವೇಗದಿಂದ ಭಾಗಿಸಿ, 432ರಿಂದ ಗುಣಿಸಿ, ಆವತ್ತಿನ ಬೆಲೆಯಿಂದ ಗುಣಿಸಿ. ಬೆಲೆ ಏರಿದ್ರೆ ಲಾಭ ಅಂತ ಬಹಳ ಜನ ಕಾಯ್ತಾರೆ. ಬೆಲೆ ಏರಿದ ಕೂಡಲೇ ಮೈನರ್‌ಗಳೂ ಹೆಚ್ಚಾಗಿ ಜಾಲದ ವೇಗವೂ ಏರುತ್ತೆ, ನಿಮ್ಮ ಪಾಲು ಮತ್ತೆ ಸಣ್ಣದಾಗುತ್ತೆ.

ಮೀಟರ್_ರೀಡಿಂಗ್

ಹೈದ ಅವರೇ, ಗೃಹಜ್ಯೋತಿಯಲ್ಲಿ 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಅನ್ನೋದು ತಪ್ಪು ತಿಳಿವಳಿಕೆ. ಹಾಸನ ಸೆಸ್ಕ್ ವ್ಯಾಪ್ತಿ, ಚಿಕ್ಕಮಗಳೂರು ಮೆಸ್ಕಾಂ (ಎರಡೂ ವಿದ್ಯುತ್ ಕಂಪನಿ), ನಿಯಮ ಎರಡೂ ಕಡೆ ಒಂದೇ. 2022-23ರ ನಿಮ್ಮ ತಿಂಗಳ ಸರಾಸರಿಗೆ 10% ಸೇರಿಸಿದರೆ ಎಷ್ಟೋ ಅಷ್ಟೇ ನಿಮ್ಮ ಅರ್ಹತೆ. ಸರಾಸರಿ 110 ಇದ್ದರೆ 121. ಅದನ್ನ ದಾಟಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ. 2022-23ರಲ್ಲಿ ಸಂಪರ್ಕವೇ ಇಲ್ಲದ ಹೊಸ ಮನೆಯಾದರೆ ರಾಜ್ಯದ ಸರಾಸರಿ 53 ಯೂನಿಟ್, ಅದರ ಮೇಲೆ 10%, ಹೆಚ್ಚುಕಮ್ಮಿ 58.

ಆ ಲ್ಯಾಪ್‌ಟಾಪ್ ಸ್ಕ್ರೀನ್ ಆಫ್ ಮಾಡಿ ಓಡಿಸಿದರೂ ಚಾರ್ಜರ್ ನಷ್ಟ ಸೇರಿ ಗೋಡೆಯಿಂದ 30 ವ್ಯಾಟ್ ಎಳೆಯುತ್ತೆ ಅಂತ ಇಟ್ಕೊಳ್ಳಿ. ದಿನಕ್ಕೆ 0.72 ಯೂನಿಟ್, ತಿಂಗಳಿಗೆ 21.6. ನಿಮ್ಮ 110ಕ್ಕೆ ಸೇರಿಸಿದರೆ 131.6. ಮೊದಲ 11 ಯೂನಿಟ್ ಅರ್ಹತೆಯೊಳಗೆ ಹೋಗುತ್ತೆ, ಉಳಿದ 10.6ಕ್ಕೆ ತೆರಿಗೆ ಇತ್ಯಾದಿ ಸೇರಿ ಯೂನಿಟ್‌ಗೆ 7 ರೂಪಾಯಿ ಹಿಡಿದರೂ 74 ರೂಪಾಯಿ. 74 ಕೊಟ್ಟು 65 ತಗೊಳ್ಳೋ ವ್ಯಾಪಾರ. ಏಪ್ರಿಲ್‌ನಲ್ಲಿ ಫ್ಯಾನ್, ಮಳೆಗಾಲದಲ್ಲಿ ಗೀಸರ್ ಜಾಸ್ತಿ ಓಡಿದ ತಿಂಗಳು ಆ 11 ಯೂನಿಟ್ ಜಾಗವೂ ಇರಲ್ಲ, ಆಗ 21.6ಕ್ಕೂ ಕಟ್ಟಿ 151 ರೂಪಾಯಿ.

30 ವ್ಯಾಟ್ ಅನ್ನೋದು ನನ್ನ ಅಂದಾಜು. ಸಾಕೆಟ್‌ಗೆ ಹಾಕೋ ಪ್ಲಗ್-ಇನ್ ಎನರ್ಜಿ ಮೀಟರ್ ಸಿಗುತ್ತೆ, ಅದರಲ್ಲಿ 24 ಗಂಟೆ ಓಡಿಸಿ ಯೂನಿಟ್ ಓದಿ. ಆ ಕ್ಷಣದ ವ್ಯಾಟ್ ನೋಡಬೇಡಿ, ಮೊದಲ ಅರ್ಧ ನಿಮಿಷ ಟರ್ಬೊದಲ್ಲಿ (ಚಿಪ್ ಸ್ವಲ್ಪ ಹೊತ್ತು ಮಾತ್ರ ಓಡೋ ಹೆಚ್ಚಿನ ವೇಗ) ಜಾಸ್ತಿ ತೋರಿಸಿ ಆಮೇಲೆ ಇಳಿಯುತ್ತೆ.

ಆಲೂರು_ಅಡಿಕೆ

ತೋಟದ ಪಂಪ್‌ಸೆಟ್ ಲೈನ್ ಇದೆಯಲ್ಲ, 10 ಎಚ್‌ಪಿ ತನಕ ಫ್ರೀ. ಪಂಪ್ ಮನೇಲಿ ಇಟ್ರೆ?

ಮೀಟರ್_ರೀಡಿಂಗ್

ಬೇಡ ಅಣ್ಣ. ನೀರಾವರಿಗೆ ಕೊಟ್ಟ ಸಂಪರ್ಕದಲ್ಲಿ ಬೇರೆ ಕೆಲಸ ಮಾಡಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ಅನಧಿಕೃತ ಬಳಕೆ. ಯಾವ ವರ್ಗದ ಬಳಕೆಯೋ ಅದರ ದರದ ಎರಡರಷ್ಟು ಹಾಕ್ತಾರೆ, ಯಾವಾಗಿನಿಂದ ಅಂತ ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೂ ಹಾಕಬಹುದು. ಅದೂ ಅಲ್ಲದೆ ಆ ಲೈನಿನಲ್ಲಿ ಕರೆಂಟು ಇರೋದೇ ದಿನಕ್ಕೆ ಕೆಲವು ಗಂಟೆ, ಪಂಪ್ ಶುರುವಾದಾಗೆಲ್ಲ ವೋಲ್ಟೇಜ್ ಬೀಳುತ್ತೆ. ಚಾರ್ಜರ್ ಮೊದಲು ಹೋಗೋದು ಅಲ್ಲೇ.

ಮುಳ್ಳಯ್ಯನಗಿರಿ_ಗಾಳಿ

ಚಿಕ್ಕಮಗಳೂರಿನಿಂದ. ತಂಪು ಊರು ಅನ್ನೋ ವಾದದ ಬಗ್ಗೆ ಮಾತ್ರ ಹೇಳ್ತೀನಿ, ಯಾಕಂದ್ರೆ ನಮ್ಮ ಕಡೆ ಎಲ್ಲರೂ ಇದನ್ನೇ ಹೇಳೋದು ಮಾರಾಯ್ರೆ.

ಕೋಣೆ ಹತ್ತು ಡಿಗ್ರಿ ತಣ್ಣಗಿದ್ದರೆ ಸಿಪಿಯು ಕೂಡ ಹೆಚ್ಚುಕಮ್ಮಿ ಹತ್ತು ಡಿಗ್ರಿ ತಣ್ಣಗಿರುತ್ತೆ, ಅದು ಸರಿ. ಆದರೆ 8250ಯು 15 ವ್ಯಾಟ್‌ನ ಚಿಪ್, ಬೇಸ್ ವೇಗ 1.6 ಗಿಗಾಹರ್ಟ್ಸ್, ಟರ್ಬೊ 3.4. ಶುರುವಿನ ಅರ್ಧ ನಿಮಿಷ ಟರ್ಬೊದಲ್ಲಿ ಓಡಿ, ಆಮೇಲೆ ತಯಾರಕರು ಇಟ್ಟ ವ್ಯಾಟ್ ಮಿತಿಗೆ ತಾನೇ ಇಳಿಯುತ್ತೆ. ಅಂದ್ರೆ ವೇಗ ಕಟ್ಟಿಹಾಕೋದು ಬಹಳ ಸಲ ಹವೆ ಅಲ್ಲ, ಆ ಮಿತಿ. ತಂಪಿನಿಂದ ಹ್ಯಾಶ್ ಜಾಸ್ತಿ ಬರಲ್ಲ, ಫ್ಯಾನ್ ಸ್ವಲ್ಪ ನಿಧಾನ ತಿರುಗುತ್ತೆ ಅಷ್ಟೇ. ಇನ್ನೊಂದು ವಿಷಯ ಜನ ಗಮನಿಸೋದಿಲ್ಲ: ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಆಸುಪಾಸಿನ ಎತ್ತರ. ಇಲ್ಲಿ ಗಾಳಿ ಮಂಗಳೂರಿಗಿಂತ 10% ತೆಳು. ಫ್ಯಾನ್ ಅಷ್ಟೇ ಸುತ್ತಿದರೂ ಹೊತ್ತೊಯ್ಯೋ ಬಿಸಿ ಅಷ್ಟು ಕಡಿಮೆ.

ನಿಜವಾದ ತೊಂದರೆ ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್ ತನಕ ಮೂಡಿಗೆರೆ, ಸಕಲೇಶಪುರ ಕಡೆ ಗೋಡೆಯೇ ಬೆವರುತ್ತೆ. ಆ ತೇವ, ಫ್ಯಾನ್ ಎಳೆದ ಧೂಳು ಸೇರಿ ಹೀಟ್‌ಸಿಂಕ್‌ನ ಸಂದಿಯಲ್ಲಿ ಕಂಬಳಿ ಥರ ಕೂರುತ್ತೆ. ಜನವರಿಯಲ್ಲಿ ಕಾಫಿ ಒಣಗಿಸೋ ಕಣದ ಪಕ್ಕದ ಕೋಣೆಯಾದರೆ ಇನ್ನೂ ಬೇಗ. ಹೊರಗಿನಿಂದ ಬ್ಲೋಯರ್ ಹಿಡಿದರೆ ಆ ಪದರ ಹೋಗಲ್ಲ, ಹಿಂದಿನ ಕವರ್ ಬಿಚ್ಚಿ ಫ್ಯಾನ್ ತೆಗೆದು ಆ ಕಡೆಯಿಂದ ಕೀಳಬೇಕು. ಬಿಚ್ಚಿದಾಗ ಥರ್ಮಲ್ ಪೇಸ್ಟ್ ಕೂಡ ಬದಲಾಯಿಸಿ. 2018ರ ಸುಮಾರಿನ ಮಷೀನಲ್ಲಿ ಅದು ಒಣಗಿ ಪುಡಿ ಆಗಿರುತ್ತೆ.

ಬ್ಯಾಟರಿ ಇನ್ನೊಂದು. ಸದಾ 100% ಚಾರ್ಜ್, ಕೆಳಗಿಂದ 45-50 ಡಿಗ್ರಿ ಶಾಖ, ಲಿಥಿಯಂ ಬ್ಯಾಟರಿ ಊದಿಕೊಳ್ಳೋಕೆ ಇದಕ್ಕಿಂತ ಒಳ್ಳೆ ಏರ್ಪಾಡು ಇಲ್ಲ. ಟಚ್‌ಪ್ಯಾಡ್ ಒತ್ತೋಕೆ ಬಿಗಿ ಆಗೋದು, ಮೇಜಿನ ಮೇಲಿಟ್ಟಾಗ ಲ್ಯಾಪ್‌ಟಾಪ್ ಅಲ್ಲಾಡೋದು ಅದರ ಮೊದಲ ಸೂಚನೆ. ಅದು ಕಂಡ ದಿನವೇ ಬ್ಯಾಟರಿ ತೆಗೀಬೇಕು. ಲೆನೊವೊ ಆದರೆ ವ್ಯಾಂಟೇಜ್‌ನಲ್ಲಿ ಕನ್ಸರ್ವೇಶನ್ ಮೋಡ್ ಇದೆ, ಅಸುಸ್, ಡೆಲ್‌ಗಳಲ್ಲೂ ಚಾರ್ಜ್ ಮಿತಿ ಇಡೋ ಆಯ್ಕೆ ಇದೆ, 60ರಿಂದ 80%ಗೆ ಇಡಿ. ಮಳೆಗಾಲದಲ್ಲಿ ಕರೆಂಟು ಹೋದಾಗೆಲ್ಲ ಮೈನರ್ ಬ್ಯಾಟರಿಯಲ್ಲಿ ಓಡ್ತಾ ಇರುತ್ತೆ. 40 ವ್ಯಾಟ್-ಅವರ್ ಬ್ಯಾಟರಿ ಒಂದು ಗಂಟೆ ಚಿಲ್ಲರೆಗೆ ಖಾಲಿ, ಮತ್ತೆ ಚಾರ್ಜ್. ಹೀಗೆ ವರ್ಷದ ಸವೆತ ಒಂದೇ ಮಳೆಗಾಲದಲ್ಲಿ ಆಗುತ್ತೆ. ಇನ್ವರ್ಟರ್ ಮೇಲೆ ಓಡಿಸೋದಂತೂ ಕೇಳಲೇಬೇಡಿ, ಚಾರ್ಜ್ ಮಾಡುವಾಗ ಒಂದು ನಷ್ಟ, ಎಸಿ ಮಾಡುವಾಗ ಇನ್ನೊಂದು, ಲ್ಯಾಪ್‌ಟಾಪ್ ಚಾರ್ಜರ್‌ನಲ್ಲಿ ಮತ್ತೊಂದು.

ಫ್ಯಾನ್ ತಿಂಗಳಿಗೆ 720 ಗಂಟೆ ತಿರುಗುತ್ತೆ. ಅದರ ಬೇರಿಂಗ್ ಹೋದರೆ ಹೊಸ ಫ್ಯಾನಿಗೆ ಕೂಲಿ ಸೇರಿ ಸಾವಿರ ಅಂದಾಜು. ಲೆಕ್ಕದ_ಪುಸ್ತಕ ಹೇಳಿದ 65 ರೂಪಾಯಿಯಲ್ಲಿ ಅದನ್ನ ತೀರಿಸೋಕೆ ಹದಿನೈದು ತಿಂಗಳು.

ಬಿಸಿಲೆ_ಘಾಟಿ

ಎಲ್ಲರೂ ಬೇಡ ಅಂತಿದ್ದೀರಿ, ನಾನು ಸ್ವಲ್ಪ ಎದುರು ವಾದ ಮಾಡ್ತೀನಿ. 1,000 ಹ್ಯಾಶ್ ಅನ್ನೋದು ಜಾಸ್ತಿ ಜಿಪುಣತನ ಆಯ್ತು. ಕೆಲವು ಮಾಡೆಲ್‌ನಲ್ಲಿ ಬಯಾಸ್ (ಮಷೀನಿನ ಮೂಲ ಸೆಟ್ಟಿಂಗ್) 15 ವ್ಯಾಟ್‌ಗೆ ಕಟ್ಟಿಹಾಕಲ್ಲ, 1,500 ಬಂದ್ರೆ ತಿಂಗಳಿಗೆ 97 ರೂಪಾಯಿ. ಪಿಜಿಯಲ್ಲಿದ್ದು ಕರೆಂಟು ಬಾಡಿಗೆಯಲ್ಲೇ ಸೇರಿದ್ದರೆ ಅದು ಪೂರ್ತಿ ಉಳಿಕೆ ತಾನೆ? ಇಲ್ಲ ಅಂದ್ರೆ ಪೂಲ್ (ಹಲವರು ಸೇರಿ ಮೈನ್ ಮಾಡಿ ಪಾಲು ಹಂಚ್ಕೊಳ್ಳೋ ಗುಂಪು) ಬಿಟ್ಟು ಒಬ್ಬರೇ ಸೋಲೋ ಮೈನಿಂಗ್ ಹಾಕಿ ಅದೃಷ್ಟ ನೋಡಬಹುದು. ಒಂದು ಬ್ಲಾಕ್ ಬಿದ್ರೆ 0.6 ಮೊನೆರೊ, 15,000 ರೂಪಾಯಿ. ಲಾಟರಿ ಟಿಕೆಟ್‌ಗಿಂತ ಕೆಟ್ಟದ್ದೇನಲ್ಲ. ಹೊಸದಾಗಿ ಬರೋ ಚಿಕ್ಕ ಕಾಯಿನ್‌ಗಳನ್ನ ಮೊದಲ ವಾರದಲ್ಲೇ ಮೈನ್ ಮಾಡಿಟ್ಟುಕೊಂಡು ಕಾಯೋದು ಇನ್ನೊಂದು ದಾರಿ.

ಲೆಕ್ಕದ_ಪುಸ್ತಕ

1,500 ಬರಬಹುದು, ಒಪ್ಪಿದೆ. ಆದರೆ ಅಷ್ಟು ಬರಬೇಕಾದರೆ ಚಿಪ್ 15 ಬಿಟ್ಟು 22-25 ವ್ಯಾಟ್ ತಿನ್ನುತ್ತೆ, ಗೋಡೆಯಲ್ಲಿ 40. ಮೀಟರ್_ರೀಡಿಂಗ್ ಅವರ ಲೆಕ್ಕಕ್ಕೆ ಹಾಕಿದರೆ 28.8 ಯೂನಿಟ್, ಅರ್ಹತೆ ಕಳೆದು 17.8ಕ್ಕೆ ಕಟ್ಟೋದು 125 ರೂಪಾಯಿ. ವೇಗ ಏರಿದಷ್ಟೂ ಲಾಭ ಅಲ್ಲ, ಒಂದು ವ್ಯಾಟ್‌ಗೆ ಎಷ್ಟು ಹ್ಯಾಶ್ ಅನ್ನೋದು ನೋಡಬೇಕು. ಪಿಜಿ ವಿಷಯ: ಕರೆಂಟು ಸೇರಿದ ಬಾಡಿಗೆ ಅಂದ್ರೆ ಮಾಲೀಕರ ಮೀಟರ್ ಓಡೋದು ಅಂತ ಅರ್ಥ. ಕೇಳಿಕೊಂಡು ಮಾಡಿ. ಕಾಲೇಜು ಲ್ಯಾಬ್, ಆಫೀಸ್ ಕಂಪ್ಯೂಟರ್‌ನಲ್ಲಿ ಕದ್ದು ಹಾಕೋ ಯೋಚನೆ ಯಾರಿಗಾದರೂ ಇದ್ದರೆ ಅದು ಐಟಿ ಕಾಯ್ದೆ ಕೆಳಗೆ ಬರೋ ವಿಷಯ, ಪೂಲ್‌ಗೆ ಹೋಗೋ ಸಂಪರ್ಕ ನೆಟ್‌ವರ್ಕ್ ನೋಡಿಕೊಳ್ಳೋರಿಗೆ ಸುಲಭವಾಗಿ ಕಾಣುತ್ತೆ.

ಸೋಲೋ ಲೆಕ್ಕ ಸರಳ. ದಿನಕ್ಕೆ 720 ಬ್ಲಾಕ್, ನಿಮ್ಮ ಪಾಲು 50 ಲಕ್ಷದಲ್ಲಿ ಒಂದು. ಸರಾಸರಿ 19 ವರ್ಷಕ್ಕೊಂದು ಬ್ಲಾಕ್. ಜೊತೆಗೆ ಸೋಲೋಗೆ ಮೊನೆರೊ ನೋಡ್ (ಜಾಲದ ದಾಖಲೆ ಇಟ್ಟುಕೊಳ್ಳೋ ಸಾಫ್ಟ್‌ವೇರ್) ಬೇಕು, ಪ್ರೂನ್ ಮಾಡಿ ದಾಖಲೆ ಚಿಕ್ಕದು ಮಾಡಿದರೂ 100 ಜಿಬಿ ಆಸುಪಾಸು ಜಾಗ. ಇವರ 256 ಜಿಬಿ ಎಸ್‌ಎಸ್‌ಡಿಯಲ್ಲಿ ಅದಕ್ಕೆ ಜಾಗ ಹೊಂದಿಸಬೇಕು. ಹೊಸ ಕಾಯಿನ್ ಮಾತು ಬೇರೆ, ಅದು ಮೈನಿಂಗ್ ಅಲ್ಲ, ಜೂಜು. ಮಾರೋಕೆ ಎಕ್ಸ್‌ಚೇಂಜ್ ಸಿಗದೆ ಸಾಯೋ ಕಾಯಿನ್‌ಗಳೇ ಜಾಸ್ತಿ.

ಪೂಲ್‌ನಲ್ಲಿ ಸೇರಿದರೂ ಕನಿಷ್ಠ ಪಾವತಿ ಅಂತ ಒಂದು ಗೆರೆ ಇರುತ್ತೆ. 0.1 ಮೊನೆರೊ ಇದ್ದರೆ ನಿಮ್ಮ ವೇಗಕ್ಕೆ ಮೂರು ವರ್ಷ ದಾಟುತ್ತೆ. 0.003 ಇರುವ ಪೂಲ್ ಆದರೆ 35 ದಿನ. ಸೇರೋ ಮೊದಲು ನೋಡಬೇಕಾದ್ದು ಪೂಲ್ ಫೀಗಿಂತ ಇದನ್ನ.

ಕೊನೆಗೆ ಕೈಗೆ ಬಂದ ಮೊನೆರೊ ರೂಪಾಯಿ ಆಗಬೇಕಲ್ಲ. ಬೈನಾನ್ಸ್ 2024ರ ಫೆಬ್ರವರಿಯಲ್ಲೇ ಮೊನೆರೊವನ್ನ ಪಟ್ಟಿಯಿಂದ ತೆಗೆಯಿತು. ಬೇರೆ ಕಾಯಿನ್‌ಗೆ ಬದಲಾಯಿಸಿ ಆಮೇಲೆ ಮಾರಬೇಕು, ಎರಡು ಕಡೆ ಶುಲ್ಕ. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಮಾರಿದ ಲಾಭಕ್ಕೆ 30% ತೆರಿಗೆ, ಅದರ ಮೇಲೆ 4% ಸೆಸ್, ಒಟ್ಟು 31.2%. ಕಳೆಯೋಕೆ ಬಿಡೋದು ಕೊಂಡ ಬೆಲೆ ಮಾತ್ರ, ಮೈನಿಂಗ್ ಯಂತ್ರಕ್ಕೆ ಹಾಕಿದ ಖರ್ಚು ಅದರಲ್ಲಿ ಬರಲ್ಲ ಅಂತ ಸರ್ಕಾರ 2022ರಲ್ಲೇ ಸಂಸತ್ತಿನಲ್ಲಿ ಹೇಳಿದೆ. 65ರಲ್ಲಿ 20 ಅಲ್ಲಿಗೆ ಹೋಯ್ತು. ನಷ್ಟವನ್ನ ಬೇರೆ ಆದಾಯದ ಎದುರು ಹೊಂದಿಸೋ ಹಾಗೂ ಇಲ್ಲ.

ಹಾಸನ್_ಹೈದ

ಅಷ್ಟೂ ಓದಿದೆ, ಥ್ಯಾಂಕ್ಸ್. ಫೈಲ್ ಡಿಲೀಟ್ ಮಾಡಿದೆ. ದುಡ್ಡು ಬರಲ್ಲ ಅನ್ನೋದು ತಲೆಗೆ ಹೋಯ್ತು. ಆದ್ರೂ ನಮ್ಮ ಮಷೀನ್ ಎಷ್ಟು ಹ್ಯಾಶ್ ಹಾಕುತ್ತೆ ಅಂತ ಒಂದ್ಸಲ ನೋಡೋ ಆಸೆ. ವಾಲೆಟ್, ಪೂಲ್ ತಂಟೆ ಇಲ್ಲದೆ ನೋಡೋಕಾಗುತ್ತಾ? ಮೊಬೈಲ್ ಆ್ಯಪ್ ಮೈನಿಂಗ್ ಅಂತಾರಲ್ಲ, ಅದೇನು?

ರೂಟ್_ಯೂಸರ್

ಆಗುತ್ತೆ. ವಿಂಡೋಸ್‌ನಲ್ಲಿ ಕೈ ಹಾಕೋದೇ ಬೇಡ, ಪೆನ್‌ಡ್ರೈವ್‌ಗೆ ಉಬುಂಟು ಬರೆದು ಅದರಿಂದ ಬೂಟ್ ಮಾಡಿ, "ಟ್ರೈ ಉಬುಂಟು" ಆರಿಸಿ. ವಿಂಡೋಸ್‌ನಲ್ಲಿ ಮೈನರ್ ಕಂಡ ಕೂಡಲೇ ಡಿಫೆಂಡರ್ (ವಿಂಡೋಸ್‌ನದೇ ಆಂಟಿವೈರಸ್) ಎತ್ತಿ ಹಾಕುತ್ತೆ, ಅದನ್ನ ತಪ್ಪಿಸೋಕೆ ಇಡೀ ಸಿ ಡ್ರೈವನ್ನೇ ತಪಾಸಣೆಯಿಂದ ಹೊರಗಿಟ್ಟು ಮರೆತುಬಿಡೋರೇ ಜಾಸ್ತಿ.

ಎಕ್ಸ್‌ಎಂರಿಗ್ ಅನ್ನೋ ಮೈನರನ್ನ ಅವರ ಗಿಟ್‌ಹಬ್ ಪುಟದ ರಿಲೀಸಸ್ ವಿಭಾಗದಿಂದ ಮಾತ್ರ ಇಳಿಸಿ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರೋ ಜಾಹೀರಾತು ಲಿಂಕ್ ಒತ್ತಬೇಡಿ. ಅಲ್ಲೇ ಎಸ್‌ಎಚ್‌ಎ256 ಮೊತ್ತಗಳ (ಫೈಲಿನ ಬೆರಳಚ್ಚು ಇದ್ದ ಹಾಗೆ) ಫೈಲ್ ಇರುತ್ತೆ, ಟರ್ಮಿನಲ್‌ನಲ್ಲಿ ನಿಮ್ಮ ಫೈಲಿನ ಮೊತ್ತ ತೆಗೆದು ಹೋಲಿಸಿ. ಒಂದಕ್ಷರ ಬೇರೆ ಇದ್ದರೂ ಬಿಸಾಕಿ.

ಓಡಿಸೋ ಮೊದಲು ಹ್ಯೂಜ್ ಪೇಜಸ್ (ಮೆಮೊರಿಯ ದೊಡ್ಡ ಪುಟಗಳು) ಮೀಸಲಿಡಬೇಕು. ರ್‍ಯಾಂಡಮ್‌ಎಕ್ಸ್ 2,080 ಎಂಬಿ ಡೇಟಾಸೆಟ್, 256 ಎಂಬಿ ಕ್ಯಾಶ್, ಒಟ್ಟು 2,336 ಎಂಬಿ ಮೆಮೊರಿಯನ್ನ ಅಡ್ಡಾದಿಡ್ಡಿ ಓದುತ್ತೆ. ಸಾಮಾನ್ಯ 4 ಕೆಬಿ ಪುಟಗಳಲ್ಲಿ ಆದರೆ ವಿಳಾಸ ಹುಡುಕೋದರಲ್ಲೇ ಹೊತ್ತು ಹೋಗಿ ವೇಗ ಕೆಲವೊಮ್ಮೆ ಅರ್ಧಕ್ಕೆ ಬೀಳುತ್ತೆ. ಸಿಸ್‌ಸಿಟಿಎಲ್ ಕಮಾಂಡ್‌ನಿಂದ ಎನ್‌ಆರ್-ಹ್ಯೂಜ್‌ಪೇಜಸ್ (vm.nr_hugepages) ಮೌಲ್ಯ 1280 ಅಂತ ಕೊಡಿ, ತಲಾ 2 ಎಂಬಿಯಂತೆ ಸಾಕಾಗುತ್ತೆ. ಇದನ್ನ ಬೂಟ್ ಆದ ತಕ್ಷಣ, ಬ್ರೌಸರ್ ತೆರೆಯೋ ಮೊದಲೇ ಮಾಡಿ. ಆಮೇಲೆ ಮೆಮೊರಿ ಚೂರುಚೂರಾಗಿ ಅಷ್ಟು ಪುಟ ಒಟ್ಟಿಗೆ ಸಿಗಲ್ಲ. ಮೈನರ್ ಶುರುವಾದಾಗ ಹ್ಯೂಜ್ ಪೇಜಸ್ 100%, 1168/1168 ಅಂತ ತೋರಿಸಿದರೆ ಸರಿ ಕೂತಿದೆ. ಕಡಿಮೆ ಬಂದರೆ ರೀಬೂಟ್ ಮಾಡಿ ಮತ್ತೆ ಮೊದಲಿಂದ.

ಆಮೇಲೆ ಬೆಂಚ್ ಆಯ್ಕೆಗೆ 1ಎಂ ಕೊಟ್ಟು, ಥ್ರೆಡ್ 3 ಅಂತ ಕೊಟ್ಟು ಓಡಿಸಿ. ಹತ್ತು ಲಕ್ಷ ಹ್ಯಾಶ್ ಮುಗಿಸಿ ತಾನೇ ನಿಲ್ಲುತ್ತೆ. ಇದಕ್ಕೆ ಪೂಲ್, ವಾಲೆಟ್ ಏನೂ ಬೇಡ. ಸೆಕೆಂಡಿಗೆ 1,000 ಆದರೆ 17 ನಿಮಿಷ ಹಿಡಿಯುತ್ತೆ. 10 ಸೆಕೆಂಡಿನ ಅಂಕಿ ನೋಡಿ ಖುಷಿ ಪಡಬೇಡಿ, ಅದು ಟರ್ಬೊದ್ದು. 15 ನಿಮಿಷದ ಅಂಕಿ ನೋಡಿ. ಇನ್ನೊಂದು ಟರ್ಮಿನಲ್‌ನಲ್ಲಿ ಬಿಸಿ ತೋರಿಸೋ ಸೆನ್ಸರ್ಸ್ ಕಮಾಂಡ್ ಹಾಕಿಟ್ಟುಕೊಳ್ಳಿ, ಈ ಚಿಪ್‌ನ ಮಿತಿ 100 ಡಿಗ್ರಿ, 95ರ ಮೇಲೆ ನಿಂತರೆ ನಿಲ್ಲಿಸಿ ಮೊದಲು ಹೀಟ್‌ಸಿಂಕ್ ಕ್ಲೀನ್ ಮಾಡಿಸಿ. ಲ್ಯಾಪ್‌ಟಾಪ್ ಹಾಸಿಗೆ ಮೇಲೆ ಇಡಬೇಡಿ, ಗಾಳಿ ಎಳೆಯೋ ರಂಧ್ರ ಕೆಳಗಿರುತ್ತೆ. ಥ್ರೆಡ್ 8 ಕೊಟ್ಟು ಇನ್ನೊಂದು ಸಲ ಓಡಿಸಿದರೆ ಎಲ್3 ಕ್ಯಾಶ್ ಮಾತು ಕಣ್ಣಾರೆ ಕಾಣುತ್ತೆ.

ಎಂಎಸ್‌ಆರ್ ಮಾಡ್ (ಸಿಪಿಯು ಒಳಗಿನ ಸೆಟ್ಟಿಂಗ್ ಬದಲಾಯಿಸೋದು) ಆಗಲಿಲ್ಲ, ವೇಗ ಕಡಿಮೆ ಬರುತ್ತೆ ಅಂತ ಕೆಂಪಕ್ಷರದಲ್ಲಿ ಬರಬಹುದು. ಇಂಟೆಲ್‌ನಲ್ಲಿ ಅದರಿಂದ ಸಿಗೋ ಲಾಭ ಅಲ್ಪ, ರೈಜನ್‌ನಲ್ಲಿ ಮಾತ್ರ ಗಣನೀಯ. ತಲೆ ಕೆಡಿಸ್ಕೊಬೇಡಿ.

ಮೊಬೈಲ್ ಆ್ಯಪ್‌ಗಳ ವಿಷಯ: ಫೋನಿನಲ್ಲೇ ಮೈನಿಂಗ್ ಮಾಡೋ ಆ್ಯಪ್‌ಗಳನ್ನ ಆ್ಯಪಲ್, ಗೂಗಲ್ ಎರಡೂ 2018ರಲ್ಲೇ ನಿಷೇಧಿಸಿವೆ. ಈಗ ಸ್ಟೋರ್‌ನಲ್ಲಿ ಮೈನಿಂಗ್ ಅನ್ನೋ ಬಟನ್ ಒತ್ತಿಸೋ ಆ್ಯಪ್‌ಗಳಲ್ಲಿ ಫೋನ್ ಒಂದು ಹ್ಯಾಶ್ ಕೂಡ ಹಾಕಲ್ಲ, ಅದು ಹಾಜರಿ ಪುಸ್ತಕ ಅಷ್ಟೇ. ತಿಂಗಳಿಗೆ ಇಂತಿಷ್ಟು ಪರ್ಸೆಂಟ್ ಖಚಿತ ಅಂತ ಹೇಳೋ ಕ್ಲೌಡ್ ಮೈನಿಂಗ್‌ಗೆ (ದುಡ್ಡು ಹಾಕಿದರೆ ನಿಮ್ಮ ಪರವಾಗಿ ಮೈನ್ ಮಾಡ್ತೀವಿ ಅನ್ನೋ ಯೋಜನೆ) ದುಡ್ಡು ಹಾಕೋ ಮೊದಲು ಗೇನ್‌ಬಿಟ್‌ಕಾಯಿನ್ ವಂಚನೆ ಪ್ರಕರಣ ಓದಿ. ತಿಂಗಳಿಗೆ 10%, 18 ತಿಂಗಳು ಅಂತ ಹೇಳಿದ್ದರು.

ಮುಳ್ಳಯ್ಯನಗಿರಿ_ಗಾಳಿ

ಒಂದು ಉಪಯೋಗ ಮಾತ್ರ ಇದೆ ಮಾರಾಯ್ರೆ. ಎಳೆದ 30 ವ್ಯಾಟ್‌ನಲ್ಲಿ ಒಂದು ಚೂರೂ ಬಿಡದೆ ಬಿಸಿಯಾಗಿಯೇ ಹೊರಬರುತ್ತೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಹಾಗೆ ಬೀರು ಒಳಗೆ ಬಲ್ಬ್ ಉರಿಸೋರು ಅದರ ಬದಲು ಇದನ್ನ ಪಕ್ಕದಲ್ಲಿಟ್ಟರೆ ಬಲ್ಬಿನ ಕೆಲಸ ಆಗಿ ಮೇಲೆ ಎರಡು ರೂಪಾಯಿ ಬರುತ್ತೆ. ಒಳಗೆ ಮಾತ್ರ ಇಡಬೇಡಿ, ಗಾಳಿ ಬೇಕು.

ಹಾಸನ್_ಹೈದ

ಹ್ಹೆ ಹ್ಹೆ. ಸರಿ, ಉಬುಂಟು ಇಳಿಸ್ತಾ ಇದೀನಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲೇ ಅಪ್‌ಡೇಟ್ ನಿಂತಿತಲ್ಲ, ಈ ಮಷೀನ್‌ಗೆ 11 ಹತ್ತುತ್ತಾ?

ರೂಟ್_ಯೂಸರ್

ಹತ್ತುತ್ತೆ. 8250ಯು ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿದೆ. ಬಯಾಸ್‌ನಲ್ಲಿ ಟಿಪಿಎಂ (ಇಂಟೆಲ್ ಪಿಟಿಟಿ ಅಂತ ಇರಬಹುದು), ಸೆಕ್ಯೂರ್ ಬೂಟ್ ಎರಡೂ ಆನ್ ಮಾಡಿ. ಎರಡನೇ ರ್‍ಯಾಮ್ ಸ್ಲಾಟ್ ಖಾಲಿ ಇದ್ದರೆ ಇನ್ನೊಂದು 8 ಜಿಬಿ ಡಿಡಿಆರ್4 ಸ್ಟಿಕ್ ಹಾಕಿ. ಕೊಳ್ಳೋ ಮೊದಲು ಕವರ್ ಬಿಚ್ಚಿ ನೋಡಿ, ಕೆಲವು ತೆಳು ಮಾಡೆಲ್‌ಗಳಲ್ಲಿ ಒಂದೇ ಸ್ಲಾಟ್ ಇರುತ್ತೆ.